ಅಗಾಯ್‌ಗೂ ಗೊತ್ತಿಲ್ಲದ ಸಾಮಾನು

ಬುರುಲ್ಕಾನ್ ನನ್ನನ್ನು ಮ್ಯೂಸಿಯಮ್ಮಿಗೆ ಕರೆದದ್ದು ನನ್ನ ಮೇಲಿನ ಗೌರವದಿಂದ. ಮುಂದೆ ಆದ ಫಜೀತಿಗೆಲ್ಲ ಆ ಗೌರವವೇ ಮೂಲ.

ನನ್ನ ಹೆಸರು ಸಪರಾಲಿ. ನಾರಿನ್ ನದಿ ದಂಡೆಯ ನಮ್ಮ ಊರಿನಲ್ಲಿ ತಲೆ ನರೆತ ಡಾಕ್ಟರಿಂದ ಹಿಡಿದು ಮೊನ್ನೆ ಮೊನ್ನೆ ಮೀಸೆ ಬಂದ ಮಿನಿಬಸ್ ಡ್ರೈವರ್‌ವರೆಗೆ ಎಲ್ಲರೂ ನನ್ನ ಬಳಿ ಭೌತಶಾಸ್ತ್ರ ಕಲಿತವರು. ಕಲಿಯದೆ ತಪ್ಪಿಸಿಕೊಂಡವರು ಅನ್ನುವುದು ಹೆಚ್ಚು ಸರಿ. ಅವರಿಗೆಲ್ಲ ನಾನು ಸಪರಾಲಿ ಅಗಾಯ್, ಅಂದರೆ ಸಪರಾಲಿ ಮೇಷ್ಟ್ರು. ತರಗತಿಯಲ್ಲಿ ನನಗೆ ಆಗದ ಮಾತು ಒಂದೇ ಒಂದಿತ್ತು: ‘ಗೊತ್ತಿಲ್ಲ’. ತಪ್ಪು ಉತ್ತರ ಹೇಳಿದವನನ್ನು ಹೇಗೋ ಸಹಿಸಿಕೊಳ್ಳುತ್ತಿದ್ದೆ. ಗೊತ್ತಿಲ್ಲ ಅಂದವನಿಗೆ ಮಾತ್ರ ತಲೆ ಎತ್ತದೆ, “ಕೂತ್ಕೋ, ಎರಡು” ಅನ್ನುತ್ತಿದ್ದೆ. ಐದಕ್ಕೆ ಎರಡು ಬಂದರೆ ಫೇಲು ಅಂತ ಲೆಕ್ಕ. ಹಾಗೆ ಎಷ್ಟು ಜನರನ್ನು ಕೂರಿಸಿದೆನೋ ನನಗೆ ನೆನಪಿಲ್ಲ. ಅವರಿಗೆ ಚೆನ್ನಾಗಿ ನೆನಪಿತ್ತು ಅನ್ನುವುದು ಆಮೇಲೆ ತಿಳಿಯಿತು.

ಬುರುಲ್ಕಾನ್ ಕೂಡ ನನ್ನ ಶಿಷ್ಯೆಯೇ. ಈಗ ನಮ್ಮ ಮ್ಯೂಸಿಯಮ್ಮಿನ ನಿರ್ದೇಶಕಿ. ಮ್ಯೂಸಿಯಂ ಅಂದರೆ ದೊಡ್ಡದಲ್ಲ. ಒಂದು ಕೋಣೆಯಲ್ಲಿ ಯುರ್ತಾ ಡೇರೆ ಮತ್ತು ಕಂಬಳಿಗಳು, ಇನ್ನೊಂದರಲ್ಲಿ ಹುಲ್ಲು ತುಂಬಿದ ತೋಳ ಮತ್ತು ಒಂದು ಕಣ್ಣು ಕಳೆದುಕೊಂಡ ಹಿಮಚಿರತೆ. ಆ ಚಳಿಗಾಲದಲ್ಲಿ ಮೇಲಿನ ಕಣಿವೆಯ ಹಳೆಯ ಸಾಮೂಹಿಕ ಫಾರ್ಮಿನ ಉಗ್ರಾಣವನ್ನು ಕೆಡವಿದರು. ಅಲ್ಲಿ ಸಿಕ್ಕ ವಿದ್ಯುತ್ ಸಾಮಾನುಗಳನ್ನು ಗುಜರಿಗೆ ಹಾಕಲು ಯಾರಿಗೋ ಮನಸ್ಸು ಬರದೆ ಪೆಟ್ಟಿಗೆಗಟ್ಟಲೆ ಮ್ಯೂಸಿಯಮ್ಮಿಗೆ ತಂದು ಸುರಿದರು. ಕಣಿವೆಗೆ ಕರೆಂಟು ಬಂದ ಕಥೆ ಹೇಳುವ ಒಂದು ಕೋಣೆಯನ್ನು ವಸಂತದ ನೂರುಜ್ ಹಬ್ಬದ ಹೊತ್ತಿಗೆ ತೆರೆಯಬೇಕು ಅಂತ ಬುರುಲ್ಕಾನ್ ಲೆಕ್ಕ ಹಾಕಿದಳು. ಯಾವುದು ಏನು ಅಂತ ಗುರುತು ಹಿಡಿಯಲು ನನಗೆ ಹೇಳಿಕಳಿಸಿದಳು.

ನಾನು ಕೋಟು ಹಾಕಿಕೊಂಡು ಹೋದೆ. ಪದಕಗಳನ್ನೂ ಸಿಕ್ಕಿಸಿಕೊಂಡಿದ್ದೆ, ಬಾಗಿಲಲ್ಲಿ ನನ್ನ ಹೆಂಡತಿ ಜೂರಾ ಅವನ್ನು ಬಿಚ್ಚಿಸಿದಳು. ಅವಳು ಅದೇ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿದವಳು. ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿಡಬೇಕು ಅನ್ನುವುದರಿಂದ ಹಿಡಿದು ವಿಶ್ವದ ಉಗಮದವರೆಗೆ ಎರಡು ಅಭಿಪ್ರಾಯಗಳಿವೆ, ಎರಡನೆಯದು ನನ್ನದು. “ಅಬಿಶ್ಕಾ, ಕಬ್ಣ ನೋಡೋಕೆ ಹೋಗ್ತಿದ್ದೀರಿ, ಮೆರವಣಿಗೆಗಲ್ಲ” ಅಂದಳು. ಅಬಿಶ್ಕಾ ಅಂದರೆ ಮುದುಕ. ನನಗೆ ನಲವತ್ತು ತುಂಬಿದ ದಿನದಿಂದ ಅವಳ ಬಾಯಲ್ಲಿ ನನಗೆ ಬೇರೆ ಹೆಸರಿಲ್ಲ.

ಮೊದಮೊದಲು ಎಲ್ಲ ಸಲೀಸಾಗಿಯೇ ಹೋಯಿತು. ತಂತಿ ಕಟ್ಟುವ ಪಿಂಗಾಣಿ ಬುಗುಟುಗಳು, ಫ್ಯೂಸು, ಹಿಡಿ ಮುರಿದ ಸ್ವಿಚ್ಚು, ಗಾಜಿನ ಬುರುಡೆಯೊಳಗೆ ಪಾದರಸ ತುಂಬಿದ ಇನ್ನೊಂದು ಸ್ವಿಚ್ಚು. ನಾನು ಎತ್ತಿ ಹಿಡಿದು ಹೆಸರು ಹೇಳುತ್ತಿದ್ದೆ, ಬುರುಲ್ಕಾನ್ ಚೀಟಿ ಬರೆಯುತ್ತಿದ್ದಳು, ಬರೆಯುವಾಗ ‘ಆಹಾ’ ಅನ್ನುತ್ತಿದ್ದಳು. ಆ ‘ಆಹಾ’ ನನ್ನ ತಲೆಗೇರಿತು. ಆಗ ಪೆಟ್ಟಿಗೆಯ ತಳದಿಂದ ಆ ವಸ್ತು ಹೊರಗೆ ಬಂತು.

ಅದು ಗೇಣುದ್ದದ ಕಬ್ಬಿಣದ ಕೊಳವೆ. ಕೊಳವೆಯ ಸುತ್ತ ತೆಳು ಲೋಹದ ರೆಕ್ಕೆಗಳು ಸೂರ್ಯಕಾಂತಿಯ ದಳಗಳಂತೆ ನಿಂತಿದ್ದವು. ಒಳಗೆಲ್ಲ ಕಪ್ಪಗಿತ್ತು. ಪಕ್ಕದಿಂದ ಬಟ್ಟೆ ಸುತ್ತಿದ ತಂತಿಗಳು ಇಲಿಬಾಲದ ಹಾಗೆ ಜೋತು ಬಿದ್ದಿದ್ದವು. ಹುಟ್ಟಿದಾರಭ್ಯ ನಾನು ಅಂಥದ್ದನ್ನು ಕಂಡಿರಲಿಲ್ಲ. ಬುರುಲ್ಕಾನ್ ಪೆನ್ನು ಹಿಡಿದು ಕಾಯುತ್ತಿದ್ದಳು.

“ರೆಕ್ಟಿಫೈಯರ್” ಅಂದೆ.

ಆಹಾ ಅಂದು ಅವಳು ಬರೆದುಕೊಂಡಳು.

ಮನೆಗೆ ಹೋಗುವ ದಾರಿಯಲ್ಲೇ ಅದು ರೆಕ್ಟಿಫೈಯರ್ ಆಗಿರಲಾರದು ಅಂತ ನನಗೆ ಹೊಳೆಯಿತು. ಆ ರೆಕ್ಕೆಗಳೆಲ್ಲ ಒಂದೇ ಕೊಳವೆಗೆ ಅಂಟಿಕೊಂಡಿದ್ದವು. ರೆಕ್ಟಿಫೈಯರ್ ಕರೆಂಟನ್ನು ಒಂದೇ ದಿಕ್ಕಿಗೆ ಬಿಡಬೇಕು; ಇನ್ನೊಂದು ಕಡೆಯಿಂದ ಬಂದದ್ದನ್ನು ತಡೆಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಮಾರನೆಯ ದಿನ ಹೋಗಿ, ಇನ್ನಷ್ಟು ಸೂಕ್ಷ್ಮವಾಗಿ ಪರಿಶೀಲಿಸಿದ ಮೇಲೆ ಅದು ಸಿನಿಮಾ ಯಂತ್ರದ ದೀಪವನ್ನು ತಂಪು ಮಾಡುವ ಭಾಗ ಎಂದು ಕಂಡುಬಂದಿದೆ ಅಂತ ಹೇಳಿದೆ. ‘ಕಂಡುಬಂದಿದೆ’ ಅನ್ನುವುದು ಒಳ್ಳೆಯ ಪದ, ಯಾರಿಗೆ ಕಂಡಿತು ಅಂತ ಹೇಳಬೇಕಾಗಿಲ್ಲ. ಬುರುಲ್ಕಾನ್ ಹಳೆಯ ಚೀಟಿ ಹರಿದು ಹೊಸದು ಬರೆದಳು. ಆ ವಾರವೇ ಫಾರ್ಮಿನಲ್ಲಿ ಸಿನಿಮಾ ತೋರಿಸುತ್ತಿದ್ದವನ ಮಗಳು ಬಂದು, ಅಪ್ಪನ ಯಂತ್ರ ತಮ್ಮ ಮನೆಯಲ್ಲೇ ಇದೆ, ಅದರಲ್ಲಿ ಇಂಥದ್ದು ಯಾವುದೂ ಇಲ್ಲ ಅಂದಳು. ಆಗ ನಾನು ಹೆಡ್ಡರ ಕೊನೆಯ ಆಸರೆಗೆ ಓಡಿದೆ: ಇದು ಸೇನೆಗೆ ಸಂಬಂಧಿಸಿದ್ದು, ಇದರ ಬಗ್ಗೆ ಹೆಚ್ಚು ಮಾತಾಡುವ ಹಾಗಿಲ್ಲ ಅಂದೆ. ಕುರಿ ಫಾರ್ಮಿನ ಉಗ್ರಾಣದಲ್ಲಿ ಸೇನೆಯ ರಹಸ್ಯ ಏನು ಮಾಡುತ್ತಿತ್ತು ಅಂತ ಬುರುಲ್ಕಾನ್ ಕೇಳಲಿಲ್ಲ. ಚೀಟಿ ಬದಲಾಯಿಸಿದಳು, ಆದರೆ ಆಹಾ ಅನ್ನಲಿಲ್ಲ.

ಕೊನೆಗೊಂದು ದಿನ ಬಾಗಿಲು ಮುಂದೆ ಮಾಡಿ ಬಂದು ಮೆಲ್ಲಗೆ ಕೇಳಿದಳು. “ಅಗಾಯ್, ಬೇಜಾರ್ ಮಾಡ್ಕೋಬೇಡಿ. ಅದು ಏನು ಅಂತ ನಿಮಗೆ ಗೊತ್ತಾ?”

“ಪರಿಶೀಲನೆಯಲ್ಲಿದೆ” ಅಂದೆ.

ಮರುದಿನ ಗಾಜಿನ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಹೊಸ ಚೀಟಿ ಇತ್ತು: ‘ಇದು ಏನೆಂದು ಸಪರಾಲಿ ಅಗಾಯ್‌ಗೂ ಗೊತ್ತಿಲ್ಲ. ತಿಳಿದವರು ದಯವಿಟ್ಟು ತಿಳಿಸಬೇಕು.’

ಆಣೆ ಮಾಡಿ ಹೇಳುತ್ತೇನೆ, ಆ ಹೆಣ್ಣುಮಗಳ ಮನಸ್ಸಿನಲ್ಲಿ ಒಂದಿಷ್ಟೂ ಕುಚೋದ್ಯವಿರಲಿಲ್ಲ. ಅಗಾಯ್‌ಗೇ ಗೊತ್ತಿಲ್ಲ ಅಂದರೆ ವಸ್ತು ಎಷ್ಟು ಅಪರೂಪದ್ದಿರಬೇಕು ಅನ್ನುವುದು ಅವಳ ಭಾವ. ಆದರೆ ಊರು ಅದನ್ನು ಬೇರೆ ಥರ ಓದಿತು.

ಮೊದಲು ಬಂದವನು ಬ್ರೆಡ್ಡಿನ ಅಂಗಡಿಯವನು. ಚೀಟಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಹೋದ. ಮಧ್ಯಾಹ್ನದ ಹೊತ್ತಿಗೆ ಫೋಟೋ ಊರಿನ ಎಲ್ಲ ಫೋನುಗಳಲ್ಲಿತ್ತು. ಆಮೇಲೆ ಆಸ್ಪತ್ರೆಯಿಂದ ಬಂದರು, ಪಶುವೈದ್ಯರು ಬಂದರು, ಬಜಾರಿನಿಂದ ಹೆಂಗಸರು ಗುಂಪುಗುಂಪಾಗಿ ಬಂದರು. ಹಿಮಚಿರತೆಯನ್ನು ನೋಡಲು ವರ್ಷಕ್ಕೊಮ್ಮೆ ಶಾಲೆಯ ಮಕ್ಕಳನ್ನು ಬಲವಂತವಾಗಿ ಕರೆತರುತ್ತಿದ್ದ ಮ್ಯೂಸಿಯಮ್ಮಿನ ಬಾಗಿಲಲ್ಲಿ ಹಿಮದ ಬೂಟುಗಳ ರಾಶಿ ಬಿತ್ತು. ನಾನು ಪಕ್ಕದ ಕೋಣೆಯಲ್ಲಿ ಯುರ್ತಾದ ಹಿಂದೆ ಕೂತು ಕೇಳಿಸಿಕೊಳ್ಳುತ್ತಿದ್ದೆ. ಯಾರೂ ವಸ್ತುವನ್ನು ನೋಡುತ್ತಿರಲಿಲ್ಲ. ಚೀಟಿಯನ್ನು ಜೋರಾಗಿ ಓದುತ್ತಿದ್ದರು, ಮತ್ತೆ ಮತ್ತೆ ಓದುತ್ತಿದ್ದರು.

ಮಿನಿಬಸ್ ಓಡಿಸುವ ಎಮಿಲ್ ನನ್ನನ್ನು ಹುಡುಕಿ ಹಿಡಿದ. ಎದೆಯ ಮೇಲೆ ಕೈಯಿಟ್ಟು ಸಲಾಂ ಮಾಡಿ, ಆರೋಗ್ಯ ವಿಚಾರಿಸಿ, ಮಕ್ಕಳು ಮೊಮ್ಮಕ್ಕಳನ್ನೆಲ್ಲ ಕೇಳಿ, ಅಷ್ಟೆಲ್ಲ ಮರ್ಯಾದೆ ಮುಗಿದ ಮೇಲೆ, “ಕೂತ್ಕೊಳ್ಳಿ ಅಗಾಯ್. ಎರಡು” ಅಂದ.

ನಾನು ಕೂತೇ ಇದ್ದೆ. ಆದರೂ ಇನ್ನೊಂದು ಸಲ ಕೂತ ಹಾಗಾಯಿತು.

ಮನೆಯಲ್ಲಿ ಜೂರಾಗೆ ಇದನ್ನೆಲ್ಲ ಹೇಳಬಾರದು ಅಂದುಕೊಂಡಿದ್ದೆ. ಅವಳು ಆಗಲೇ ಮ್ಯೂಸಿಯಮ್ಮಿಗೆ ಹೋಗಿ, ಟಿಕೆಟ್ಟು ತಗೊಂಡು, ಚೀಟಿ ಓದಿ ಬಂದಿದ್ದಳು. ಚೀಟಿಯಲ್ಲಿ ಏನೂ ತಪ್ಪಿಲ್ಲ ಅಂದಳು. ನಾನು ಊಟ ಬಿಟ್ಟು ಮಲಗಿದೆ. ಕುವುರ್ದಾಕಿನ ಹುರಿದ ಮಾಂಸದ ವಾಸನೆ ಕೋಣೆಯವರೆಗೆ ಬಂದಾಗ ಎದ್ದು ಹೋಗಿ ಎರಡು ಸಲ ಬಡಿಸಿಕೊಂಡು ಉಂಡೆ. ನನ್ನ ಮುನಿಸುಗಳೆಲ್ಲ ಇಷ್ಟರವೇ.

ಅವತ್ತಿನಿಂದ ನಾನು ದಿನವೂ ಮ್ಯೂಸಿಯಮ್ಮಿಗೆ ಹೋಗತೊಡಗಿದೆ. ಚೀಟಿಯನ್ನು ತೆಗೆಸುವುದಕ್ಕೆ ಎರಡೇ ದಾರಿ: ಒಂದು, ಬುರುಲ್ಕಾನಳನ್ನು ಬೇಡಿಕೊಳ್ಳುವುದು; ಇನ್ನೊಂದು, ಆ ಸಾಮಾನು ಏನೆಂದು ನಿಜವಾಗಿ ಕಂಡುಹಿಡಿಯುವುದು. ಮೊದಲನೆಯದಕ್ಕೆ ನನ್ನ ಜಂಬ ಬಿಡಲಿಲ್ಲ. ಹಾಗಾಗಿ ವಿಜ್ಞಾನದ ದಾರಿ ಹಿಡಿದೆ. ವಿಜ್ಞಾನ ಅಂದರೆ ಅದನ್ನು ಅಳೆಯುವುದು, ತೂಗುವುದು, ಕೆಂಪು ಪೆನ್ಸಿಲ್ಲಿನಿಂದ ಚಿತ್ರ ಬರೆಯುವುದು, ಬಂದವರ ಎದುರು ಹುಬ್ಬು ಗಂಟಿಕ್ಕುವುದು. ಒಳಗಿನ ಕಪ್ಪನ್ನು ನೋಡಿ ಬಹಳ ಹಳೆಯದು ಅಂದುಕೊಂಡೆ. ನಡುವಿನ ತೂತು ಗಾಳಿಯಾಡಲು ಇರಬೇಕು ಅಂದುಕೊಂಡೆ. ಹೀಗೆ ಅಂದುಕೊಳ್ಳುತ್ತ ಕೊರೆವ ಚಳಿ ಅರ್ಧ ಕಳೆಯಿತು.

ಒಂದು ಮಧ್ಯಾಹ್ನ ರೆಕ್ಕೆಗಳ ನಡುವೆ ಗಟ್ಟಿಯಾದ ಕೊಳೆಯನ್ನು ಸೋಡಾ ನೀರಿನಲ್ಲಿ ಉಜ್ಜಿ ತೊಳೆದೆ. ತಂತಿಗಳಿಗೆ ನನ್ನ ಹಳೆಯ ಶಾಲೆಯ ಮೀಟರನ್ನು ಸಿಕ್ಕಿಸಿದ್ದೆ. ಒಣಗಿದ ಮೇಲೆ ಬ್ಯಾಟರಿ ಸೇರಿಸಿ, ಎಲ್ಲಾದರೂ ತಂತಿ ತುಂಡಾಗಿದೆಯೇ ಅಂತ ನೋಡುವುದಿತ್ತು. ವಸ್ತು ಒದ್ದೆಯಾಗಿದ್ದರಿಂದ ಬುರುಲ್ಕಾನಳ ಕಚೇರಿಯ ಕಲ್ಲಿದ್ದಲ ಒಲೆಯ ಮೇಲೆ ಒಣಗಲು ನಿಲ್ಲಿಸಿದೆ. ಅಷ್ಟರಲ್ಲಿ ಜೂರಾ ಎಣ್ಣೆಯಲ್ಲಿ ಕರಿದ ಬೊರ್ಸೋಕು ಮತ್ತು ಚಹಾದ ಥರ್ಮಾಸು ಹಿಡಿದು ಬಂದಳು. ನಾವು ಮೂವರೂ ಕೂತು ತಿನ್ನತೊಡಗಿದೆವು.

ಸ್ವಲ್ಪ ಹೊತ್ತಿನಲ್ಲಿ ಮೀಟರಿನ ಮುಳ್ಳು ಎದ್ದಿತು. ನಾನು ಮೀಟರನ್ನು ಒಮ್ಮೆ ತಟ್ಟಿದೆ. ಮುಳ್ಳು ಇನ್ನಷ್ಟು ಮೇಲಕ್ಕೆ ಹೋಯಿತು. ಹಳೆಯ ಮೀಟರು, ಕೆಟ್ಟಿದೆ ಅಂತ ಹೇಳಿ ಇನ್ನೊಂದು ಬೊರ್ಸೋಕು ತಗೊಂಡೆ.

“ಬ್ಯಾಟ್ರಿ ಎಲ್ಲಿ ಹಾಕಿದ್ದೀರಿ?” ಅಂತ ಜೂರಾ ಕೇಳಿದಳು.

“ಎಲ್ಲೂ ಹಾಕಿಲ್ಲ.”

“ಮತ್ತೆ ಮುಳ್ಳು ಯಾಕೆ ಏಳ್ತಿದೆ?”

ಮೀಟರಿಗೆ ವಯಸ್ಸಾಗಿದೆ, ಅದಕ್ಕೂ ನಿನ್ನ ಹಾಗೆ ಸುಮ್ಮಸುಮ್ಮನೆ ತಲೆ ಎತ್ತುವ ಅಭ್ಯಾಸ ಅಂದೆ. ಅವಳು ಉತ್ತರ ಕೊಡಲಿಲ್ಲ. ಅವಳು ಉತ್ತರ ಕೊಡದಿದ್ದರೆ ನಾನು ಹೆದರಬೇಕು ಅನ್ನುವುದು ನನಗೆ ಗೊತ್ತು. ಎದ್ದು, ಅರಿವೆಯಿಂದ ಆ ವಸ್ತುವನ್ನು ಹಿಡಿದೆತ್ತಿ, ಕಿಟಕಿ ತೆರೆದು, ಹೊರಗಿನ ಹಲಗೆಯ ಹಿಮದ ಮೇಲೆ ಇಟ್ಟಳು. ಹಿಮ ಚುಯ್ ಅಂತು. ಮುಳ್ಳು ಗಕ್ಕನೆ ಕೆಳಗೆ ಬಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒಲೆಯ ಮೇಲಿಟ್ಟಳು. ಮುಳ್ಳು ಮತ್ತೆ ಎದ್ದಿತು.

ನನ್ನ ಬಾಯಲ್ಲಿದ್ದ ಬೊರ್ಸೋಕು ಹಾಗೇ ನಿಂತಿತು. ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದು ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು ಮಾಡಿದರೆ ತಂತಿಯಲ್ಲಿ ಕರೆಂಟು ಹರಿಯುತ್ತದೆ. ಇದನ್ನು ನಾನು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಕಲಿಸಿದ್ದೇನೆ. ಬಿಸಿ ಕಡೆಗೆ ಕೆಂಪು ಸೀಮೆಸುಣ್ಣ, ತಂಪಿನ ಕಡೆಗೆ ನೀಲಿ. ಚಿತ್ರದಲ್ಲಿ ಒಂದು ಮೀಟರು, ಅದರ ಮುಳ್ಳು ಬಲಕ್ಕೆ ವಾಲಿರುವ ಹಾಗೆ ಬರೆಯುತ್ತಿದ್ದೆ. ನಿಜವಾದ ಮುಳ್ಳು ಮೂಗಿನ ಕೆಳಗೆ ವಾಲಿದಾಗ ನಾನು ಮಾಡಿದ್ದು, ಅದರ ತಲೆಗೊಂದು ಮೊಟಕಿದ್ದು.

ಜೂರಾ ಕೊಳವೆಯೊಳಗೆ ಬೆರಳಾಡಿಸಿ ನನ್ನ ಮುಂದೆ ಹಿಡಿದಳು. ಬೆರಳು ಕಪ್ಪಗಾಗಿತ್ತು. “ಇದು ವಯಸ್ಸಲ್ಲ, ಮಸಿ” ಅಂದಳು. “ಒಳಗೆ ಏನೋ ಉರೀತಿತ್ತು. ಸೀಮೆಎಣ್ಣೆ ವಾಸನೆ ಇನ್ನೂ ಇದೆ.”

ಬುರುಲ್ಕಾನ್ ಓಡಿಹೋಗಿ ಯುರ್ತಾದಲ್ಲಿದ್ದ ಸೀಮೆಎಣ್ಣೆ ದೀಪ ತಂದಳು. ಅದರ ಗಾಜಿನ ಚಿಮಣಿ, ಗಾಳಿಯಾಡಲು ಇದೆ ಅಂತ ನಾನು ತೀರ್ಮಾನಿಸಿದ್ದ ಆ ತೂತಿನೊಳಗೆ ಸರಾಗವಾಗಿ ಕೂತಿತು. ಬಿಷ್ಕೆಕ್ಕಿನಲ್ಲಿ ಇಂಜಿನಿಯರಾಗಿರುವ ಒಬ್ಬ ಶಿಷ್ಯನಿಗೆ ಫೋಟೋ ಕಳಿಸಿದೆವು. ಅವನು ವಿಚಾರಿಸಿ ಸಂಜೆಯೊಳಗೆ ಉತ್ತರ ಹೇಳಿದ. ಕರೆಂಟಿಲ್ಲದ ಜಾಗಗಳಲ್ಲಿ ರೇಡಿಯೋ ನಡೆಸಲು ಹಿಂದೆ ಇಂಥವನ್ನು ಮಾಡುತ್ತಿದ್ದರಂತೆ. ದೀಪ ಉರಿದರೆ ಮೇಲಿನ ಬಿಸಿಯಿಂದ ರೇಡಿಯೋಗೆ ಬೇಕಾದಷ್ಟು ಕರೆಂಟು ಹುಟ್ಟುತ್ತಿತ್ತು. ನಾನು ತಕ್ಷಣ, ನನಗೂ ಅದೇ ಅನುಮಾನ ಇತ್ತು ಅಂದೆ. ಇಬ್ಬರು ಹೆಂಗಸರೂ ಕಿಟಕಿಯ ಕಡೆಗೆ ನೋಡಿದರು.

ಹೀಗೆ ನೂರುಜ್ ಬಂತು, ಕೋಣೆ ತೆರೆಯುವ ದಿನವೂ ಬಂತು. ಆ ದೀಪದ ಜೊತೆ ಇದ್ದಿರಬಹುದಾದ ರೇಡಿಯೋ ಎಲ್ಲೂ ಸಿಗಲಿಲ್ಲ. ನಾನೊಂದು ಉಪಾಯ ಮಾಡಿ, ತಂತಿಗಳ ತುದಿಗೆ ಟಾರ್ಚಿನ ಪುಟ್ಟ ಬಲ್ಬು ಕಟ್ಟಿದೆ. ಜನ ತುಂಬಿದ್ದರು, ಅವರಲ್ಲಿ ಬಹಳ ಮಂದಿ ಇನ್ನೊಂದು ಹೊಸ ಚೀಟಿಯ ಆಸೆಯಿಂದ ಬಂದವರು. ಈ ಸಲ ಪದಕಗಳನ್ನು ಬಿಚ್ಚಿಸಲು ಜೂರಾಗೆ ಪುರುಸೊತ್ತಾಗಲಿಲ್ಲ. ನಾನು ದೀಪ ಹಚ್ಚಿ, ಲೋಹಗಳ ಸ್ವಭಾವದಿಂದ ಆರಂಭಿಸಿ ಭಾಷಣ ಶುರು ಮಾಡಿದೆ. ಬಹಳ ಹೊತ್ತಾದ ಮೇಲೆ ಪುಟ್ಟ ಬಲ್ಬು ಜ್ವರ ಬಂದವನ ಕಣ್ಣಿನ ಹಾಗೆ ಕೆಂಪಗೆ ಬೆಳಗಿತು.

ಜಿಲ್ಲಾ ಕಚೇರಿಯಿಂದ ಬಂದಿದ್ದ ಅಧಿಕಾರಿ ಬಗ್ಗಿ ನೋಡಿದ. “ದೀಪ ಹಚ್ಚಿ ದೀಪ ಹಚ್ಚೋದಾ ಅಗಾಯ್? ಕೆಳಗಿಂದು ಇದಕ್ಕಿಂತ ಚೆನ್ನಾಗಿ ಉರೀತಿದೆಯಲ್ಲ” ಅಂದ.

ಕೋಣೆ ನಕ್ಕಿತು. ನಾನು ಇನ್ನೊಮ್ಮೆ ಲೋಹಗಳ ಸ್ವಭಾವದಿಂದ ಆರಂಭಿಸಿದೆ. ಹಿಂದಿನವರು ಒಬ್ಬೊಬ್ಬರಾಗಿ ಅಂಗಳದಲ್ಲಿ ಬೇಯುತ್ತಿದ್ದ ಸುಮಲಾಕಿನ ಕಡೆಗೆ ಜಾರತೊಡಗಿದರು. ಆ ಗೋಧಿ ಮೊಳಕೆಯ ಪಾಯಸಕ್ಕೆ ನನ್ನ ಭಾಷಣಕ್ಕಿಂತ ಹೆಚ್ಚು ಸೆಳೆತ ಇದ್ದದ್ದು ತಪ್ಪೇನಲ್ಲ.

ಜನ ತೆಳುವಾದ ಮೇಲೆ ಬಿಳಿ ಕಲ್ಪಾಕ್ ಟೋಪಿಯ ಒಬ್ಬ ಮುದುಕರು ಕಂಡರು. ಕಡಿರ್ಕುಲ್ ಅಂತ ಅವರ ಹೆಸರು, ಮೇಲಿನ ಕಣಿವೆಯವರು. ಮಗಳ ಮನೆಗೆ ಹಬ್ಬಕ್ಕೆ ಬಂದವರನ್ನು ಮೊಮ್ಮಗಳು ಮ್ಯೂಸಿಯಂ ತೋರಿಸಲು ಕರೆತಂದಿದ್ದಳು. ಅವರು ಗಾಜಿನ ಪೆಟ್ಟಿಗೆಗಳನ್ನೆಲ್ಲ ಬಿಟ್ಟು ದೀಪದ ಎದುರು ನಿಂತಿದ್ದರು.

“ಆ ಬಲ್ಬ್ ತೆಗೀರಿ. ಅದು ಇರ್ಲಿಲ್ಲ” ಅಂದರು.

ನಾನು ಬಲ್ಬು ತೆಗೆದೆ. ಜೂರಾ ಕುರ್ಚಿ ತಂದು ಹಾಕಿದಳು. ಅವರು ಕೂತು, ಎರಡೂ ಕೈಗಳನ್ನು ರೆಕ್ಕೆಗಳ ಹತ್ತಿರ ಹಿಡಿದು ಕಾಯಿಸಿಕೊಂಡರು. ಆಮೇಲೆ ನಿಧಾನವಾಗಿ ಹೇಳತೊಡಗಿದರು. ಅವರ ತಂದೆ ಫಾರ್ಮಿನ ಕುರಿ ಕಾಯುತ್ತಿದ್ದವರು. ಚಳಿಗಾಲವೆಲ್ಲ ಇಡೀ ಕುಟುಂಬ ಬೆಟ್ಟದ ಮೇಲಿನ ಒಂಟಿ ಮನೆಯಲ್ಲಿ. ಒಂದು ವರ್ಷ ಕುರಿಗಳು ಚೆನ್ನಾಗಿ ಮರಿ ಹಾಕಿದ್ದಕ್ಕೆ ತಂದೆಗೆ ಇಂಥದೇ ದೀಪ ಮತ್ತು ರೇಡಿಯೋ ಬಹುಮಾನ ಕೊಟ್ಟರಂತೆ. ಅವತ್ತಿನಿಂದ ಮನೆಯಲ್ಲಿ ಜಗಳ. ದೀಪ ಉರಿದರೆ ಮಾತ್ರ ರೇಡಿಯೋ ಮಾತಾಡುತ್ತದೆ. ತಂದೆಗೆ ಮಧ್ಯಾಹ್ನದ ಕೋಮುಜ್ ವಾದನ ಕೇಳಬೇಕು. ಹಾಡುಹಗಲಲ್ಲಿ ದೀಪ ಹಚ್ಚಿದರೆ ರಾತ್ರಿ ಹೊಲಿಗೆಗೆ ಸೀಮೆಎಣ್ಣೆ ಎಲ್ಲಿಂದ ತರಲಿ ಅಂತ ತಾಯಿ. ಆಕೆ ಅದನ್ನು ಒಮ್ಮೆಯೂ ಕೈಯಿಂದ ಮುಟ್ಟಿರಲಿಲ್ಲವಂತೆ.

“ಒಂದ್ಸಲ ಅಪ್ಪ ಮಂದೆ ಜೊತೆ ಹೋದವನು ಹಿಮಗಾಳೀಲಿ ಸಿಕ್ಕಿಹಾಕ್ಕೊಂಡ” ಅಂದರು ಕಡಿರ್ಕುಲ್. “ರಾತ್ರಿ ಬರ್ಲಿಲ್ಲ, ಮಾರ್ನೇ ದಿನಾನೂ ಬರ್ಲಿಲ್ಲ. ನಾವು ಸಣ್ಣೋರು, ಮೂಲೇಲಿ ಕೂತಿದ್ವಿ. ಹಗಲಲ್ಲೇ ಅಮ್ಮ ಎದ್ದು ದೀಪ ಹಚ್ಚಿದ್ಲು. ರೇಡಿಯೋ ತಿರುಗಿಸಿದ್ಲು. ಯಾರೋ ಒಬ್ಬ ರಷ್ಯನ್‌ನಲ್ಲಿ ಮಾತಾಡ್ತಿದ್ದ. ಅಮ್ಮಂಗೆ ರಷ್ಯನ್ ಬರಲ್ಲ. ಆದ್ರೂ ಆರಿಸ್ಲಿಲ್ಲ. ಮನೇಲಿ ಒಂದು ಗಂಡಸಿನ ದನಿ ಇರ್ಲಿ ಅಂತ ಆಮೇಲೆ ಯಾವಾಗ್ಲೋ ಹೇಳಿದ್ಲು.”

ಮುಂದೇನಾಯಿತು ಅಂತ ಬುರುಲ್ಕಾನ್ ಕೇಳಿದಳು.

“ಬಂದ. ಕಾಲಿನ ಬೆರಳು ಸ್ವಲ್ಪ ಹೋಗಿದ್ವು, ಜೀವ ಇತ್ತು. ಬಾಗಿಲು ತೆಗೆದವನೇ ಮೊದ್ಲು ಕೇಳಿದ್ದು, ಹಗಲಲ್ಲಿ ದೀಪ ಯಾಕೆ ಹಚ್ಚಿದ್ದೀಯ ಅಂತ.” ಅವರ ಮುಖದಲ್ಲಿ ನಗುವಿನಂಥದ್ದು ಮೂಡಿತು. “ಅಮ್ಮ ಅವನನ್ನ ಸೌಟಲ್ಲಿ ಹೊಡೆದ್ಲು. ಆಮೇಲೆ ಇಬ್ರೂ ಅತ್ರು. ರೇಡಿಯೋದವನು ಮಾತಾಡ್ತಾನೇ ಇದ್ದ.”

ಇಂಥ ಸಮಯದಲ್ಲಿ ಬುದ್ಧಿಯಿರುವವರು ಸುಮ್ಮನಿರುತ್ತಾರೆ. ನನಗೆ ಮಾತ್ರ, ಆ ಶಾಖದಿಂದ ಎಷ್ಟು ವೋಲ್ಟು ಹುಟ್ಟುತ್ತಿತ್ತು, ರೇಡಿಯೋಗೆ ಅದು ಹೇಗೆ ಸಾಲುತ್ತಿತ್ತು ಅನ್ನುವುದನ್ನು ಆ ಹಿರಿಯರಿಗೆ ತಿಳಿಸದಿದ್ದರೆ ದೊಡ್ಡ ಅನ್ಯಾಯವಾದೀತು ಅನ್ನಿಸಿತು. ಗಂಟಲು ಸರಿ ಮಾಡಿಕೊಂಡು, “ವಾಸ್ತವವಾಗಿ ಅದರ ತತ್ವ ಏನಂದ್ರೆ” ಅಂದೆ.

ಜೂರಾ ಬಿಸಿ ಚಹಾದ ಬಟ್ಟಲನ್ನು ನನ್ನ ಎರಡೂ ಕೈಗಳಿಗೆ ಹಿಡಿಸಿದಳು. “ಕುಡೀರಿ ಅಬಿಶ್ಕಾ” ಅಂದಳು. ಅವಳ ಕಣ್ಣು ಒದ್ದೆಯಾಗಿತ್ತು. ನಾನು ಕುಡಿದೆ. ನಾಲಿಗೆ ಸುಟ್ಟಿತು, ಅದರ ಬಗ್ಗೆಯೂ ಏನೂ ಹೇಳಲಿಲ್ಲ.

ಅಂಗಳದಿಂದ ಮಕ್ಕಳ ಗಲಾಟೆ ಕೇಳುತ್ತಿತ್ತು. ಕೋಣೆಯ ತುಂಬ ಸೀಮೆಎಣ್ಣೆಯ ವಾಸನೆ. ಮ್ಯೂಸಿಯಮ್ಮಿನೊಳಗೆ ಬೆಂಕಿ ಹಚ್ಚಬಾರದು ಅನ್ನುವ ನಿಯಮದ ಬಗ್ಗೆ ಬಹಳ ಕಟ್ಟುನಿಟ್ಟಾಗಿರುವ ಬುರುಲ್ಕಾನ್, ಬಾಗಿಲಿಗೆ ಒರಗಿ ಸುಮ್ಮನೆ ನಿಂತಿದ್ದಳು. ಮೊಮ್ಮಗಳು ಬಂದು ಬಸ್ಸಿಗೆ ಹೊತ್ತಾಯಿತು ಅಂದಳು. ಕಡಿರ್ಕುಲ್ ಮಂಡಿ ಹಿಡಿದುಕೊಂಡು ಎದ್ದರು. ನಮ್ಮ ಅಪ್ಪಣೆ ಕೇಳದೆ, ತಮ್ಮ ಮನೆಯದೇ ದೀಪ ಅನ್ನುವ ಹಾಗೆ ಬತ್ತಿಯನ್ನು ಇಳಿಸಿ, ಚಿಮಣಿಯ ಮೇಲೆ ಅಂಗೈ ಬಾಗಿಸಿ ಫೂ ಅಂತ ಊದಿ ಆರಿಸಿದರು.

“ಹಗಲಲ್ಲಿ ಇಷ್ಟು ಹೊತ್ತು ಉರಿಸಬಾರ್ದು” ಅಂದು, ಟೋಪಿ ಸರಿ ಮಾಡಿಕೊಂಡು ಹೊರಗೆ ಹೊರಟರು.